ದಾವೆ ಹೂಡುವ ಮೊದಲು ಹಕ್ಕುದಾರರನ್ನೆಲ್ಲ ಎಣಿಸಿ

ಪಾಲಿನ ದಾವೆ ಹೂಡಲು ಬರುವವರು ನನ್ನ ಮೇಜಿನ ಮೇಲೆ ಮೊದಲು ಇಡುವುದು ಪಹಣಿ. ನಾನು ಮೊದಲು ಕೇಳುವುದು ವಂಶವೃಕ್ಷ. ತಾಲ್ಲೂಕು ಕೋರ್ಟಿನ ವಕೀಲನಾಗಿ ನಾನು ಕಂಡಂತೆ, ಸಾಕ್ಷ್ಯ ಗಟ್ಟಿಯಿದ್ದ ದಾವೆಗಳೂ ಸೇರಿಸಬೇಕಾದವರನ್ನು ಸೇರಿಸದೆ ನೆಲಕಚ್ಚಿವೆ.

ಮಾತು ಹೆಚ್ಚುಕಡಿಮೆ ಹೀಗೇ ನಡೆಯುತ್ತದೆ. "ನಿಮ್ಮ ತಂದೆಗೆ ಎಷ್ಟು ಜನ ಮಕ್ಕಳು?" "ಇಬ್ಬರು ಸಾರ್, ನಾನು, ನಮ್ಮಣ್ಣ." "ಹೆಣ್ಣುಮಕ್ಕಳು?" "ಮೂವರಿದ್ದಾರೆ. ಅವರನ್ನೆಲ್ಲ ಮದುವೆ ಮಾಡಿ ಕೊಟ್ಟಾಗಿದೆಯಲ್ಲ ಸಾರ್!"

ಮದುವೆಯಾದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ಪ್ರಕಾರ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ಆ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿತು. ಹಾಗಾಗಿ ಅಕ್ಕತಂಗಿಯರನ್ನು ಬಿಟ್ಟು ಪಾಲು ಕೇಳಿದರೆ ದಾವೆಯೇ ಅಪೂರ್ಣ.

ದಾವೆಯ ಮೊದಲ ಕಾಗದ ವಾದಪತ್ರ. ಅದರಲ್ಲಿ ಏನೇನಿರಬೇಕೆಂದು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 7ನೇ ಆದೇಶ ಹೇಳುತ್ತದೆ. ವಾದಿ, ಪ್ರತಿವಾದಿಗಳ ಹೆಸರು, ವಿಳಾಸ, ವ್ಯಾಜ್ಯಕ್ಕೆ ಕಾರಣವೇನು, ಅದು ಯಾವಾಗ ಹುಟ್ಟಿತು, ಈ ಕೋರ್ಟಿಗೆ ಅಧಿಕಾರ ಹೇಗೆ, ಕೇಳುವ ಪರಿಹಾರ, ದಾವೆಯ ಮೌಲ್ಯ. ಜಮೀನಾದರೆ ಸರ್ವೆ ನಂಬರು, ಚೆಕ್ಕುಬಂದಿ ತಪ್ಪಿಲ್ಲದೆ ಬರೆಯಬೇಕು. ಕಡೆಯಲ್ಲಿ ಸತ್ಯಾಪನೆ, ಜೊತೆಗೆ ಅಫಿಡವಿಟ್. ವ್ಯಾಜ್ಯ ಕಾರಣವನ್ನೇ ತೋರಿಸದಿದ್ದರೆ, ಅಥವಾ ಕೋರ್ಟ್ ಕೊಟ್ಟ ಗಡುವಿನೊಳಗೆ ಕಡಿಮೆಬಿದ್ದ ಶುಲ್ಕ ತುಂಬದಿದ್ದರೆ, ವಿಚಾರಣೆಗೆ ಮುನ್ನವೇ ವಾದಪತ್ರ ತಿರಸ್ಕೃತವಾಗಬಹುದು.

ಯಾರನ್ನು ಸೇರಿಸಬೇಕೆಂಬುದು 1ನೇ ಆದೇಶದ ವಿಷಯ. ಯಾರಿಲ್ಲದೆ ಪರಿಣಾಮಕಾರಿ ಡಿಕ್ರಿ ಕೊಡಲು ಸಾಧ್ಯವೇ ಇಲ್ಲವೋ ಅವರು ಅಗತ್ಯ ಪಕ್ಷಕಾರರು. ಯಾರಿಲ್ಲದೆಯೂ ತೀರ್ಪು ಕೊಡಬಹುದೋ, ಆದರೆ ಇದ್ದರೆ ವಿವಾದ ಪೂರ್ತಿ ಬಗೆಹರಿಯುತ್ತದೋ ಅವರು ಸೂಕ್ತ ಪಕ್ಷಕಾರರು. ಸೂಕ್ತ ಪಕ್ಷಕಾರರನ್ನು ಬಿಟ್ಟರೆ ದಾವೆ ಉಳಿಯುತ್ತದೆ. ಅಗತ್ಯ ಪಕ್ಷಕಾರರನ್ನು ಬಿಟ್ಟರೆ ಉಳಿಯುವುದಿಲ್ಲ.

ಇದಕ್ಕೆ ನಮ್ಮ ನೆಲದ್ದೇ ಸಾಕ್ಷಿಯಿದೆ. ಹಳೆಯ ಮೈಸೂರು ರಾಜ್ಯದ ಒಬ್ಬ ಹೆಣ್ಣುಮಗಳು ತಾಯಿಯ ಆಸ್ತಿ ತನ್ನದೆಂದು ಹೂಡಿದ ದಾವೆ 1960ರ ದಶಕದಲ್ಲಿ ಸುಪ್ರೀಂ ಕೋರ್ಟ್ ತಲುಪಿತು. ಆಸ್ತಿ ತಾಯಿಯದೇ ಎಂದು ನ್ಯಾಯಾಲಯ ಒಪ್ಪಿತು. ಆದರೆ ಇಬ್ಬರು ಸಹೋದರರೂ ವಾರಸುದಾರರು. ಅವರನ್ನು ಆಕೆ ಸೇರಿಸಿರಲಿಲ್ಲ. ಆ ಒಂದೇ ಕೊರತೆಯಿಂದ ದಾವೆ ವಜಾ ಆಯಿತು. ಹಕ್ಕಿದ್ದೂ ಬರಿಗೈಯಲ್ಲಿ ಮರಳಿದ ಆ ಹೆಣ್ಣುಮಗಳನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ.

ಬಿಟ್ಟುಹೋದವರನ್ನು ಆಮೇಲೆ ಸೇರಿಸಲು ದಾರಿಯಿದೆ. 1ನೇ ಆದೇಶದ 10ನೇ ನಿಯಮದಡಿ ಅರ್ಜಿ ಹಾಕಿದರೆ ಯಾವ ಹಂತದಲ್ಲಾದರೂ ಹೆಸರು ಸೇರಿಸುವ, ತೆಗೆಯುವ ಅಧಿಕಾರ ಕೋರ್ಟಿಗಿದೆ. ಆದರೆ ಹೊಸದಾಗಿ ಸೇರಿದವರ ಮಟ್ಟಿಗೆ ದಾವೆ ಸಾಮಾನ್ಯವಾಗಿ ಸೇರಿದ ದಿನವೇ ಹುಟ್ಟಿದಂತೆ. ಕಾಲಮಿತಿ ಮೀರಿದ್ದರೆ ಕಷ್ಟ. ನಡುವೆ ಪಕ್ಷಕಾರರೊಬ್ಬರು ತೀರಿಕೊಂಡರೆ 90 ದಿನಗಳೊಳಗೆ ವಾರಸುದಾರರನ್ನು ದಾಖಲೆಗೆ ತರಬೇಕು. ಎದುರಾಳಿಯೂ "ಇಂಥವರನ್ನು ಸೇರಿಸಿಲ್ಲ" ಎಂಬ ತಕರಾರನ್ನು ಆರಂಭದಲ್ಲೇ ಎತ್ತಬೇಕು.

ಆದ್ದರಿಂದ ವಕೀಲರ ಬಳಿ ಹೋಗುವಾಗ ಪಹಣಿಯ ಜೊತೆ ನಾಡಕಚೇರಿಯ ವಂಶವೃಕ್ಷ, ತೀರಿಕೊಂಡವರ ಮರಣ ಪ್ರಮಾಣಪತ್ರ ತನ್ನಿ. ತೀರಿಕೊಂಡ ಅಕ್ಕನ ಮಕ್ಕಳ ಹೆಸರು ಬರೆಯಿರಿ. ಜಮೀನಿನ ತುಂಡನ್ನು ಯಾರಾದರೂ ಕೊಂಡಿದ್ದರೆ ಆ ಕ್ರಯಪತ್ರವನ್ನು ಮುಚ್ಚಿಡಬೇಡಿ. ಒಟ್ಟು ಕುಟುಂಬದ ಆಸ್ತಿಯಲ್ಲಿ ಯಾವುದನ್ನೂ ಬಿಡಬೇಡಿ.

"ಅಕ್ಕನ ಮೇಲೇ ಕೇಸು ಹಾಕೋದಾ?" ಎಂದು ಹಿಂಜರಿಯುವವರಿಗೆ ನಾನು ಹೇಳುವುದಿಷ್ಟೆ. ವಾದಿಯಾಗಿ ಸಹಿ ಹಾಕಲು ಒಪ್ಪದವರನ್ನು ಪ್ರತಿವಾದಿಯಾಗಿ ತೋರಿಸಲೇಬೇಕು. ಪಾಲಿನ ದಾವೆಯಲ್ಲಿ ಪ್ರತಿವಾದಿಗೂ ಪಾಲು ಸಿಗುತ್ತದೆ. ಕೋರ್ಟಿನ ಅಮೀನ ಸಮನ್ಸ್ ಹಿಡಿದು ಬಾಗಿಲು ತಟ್ಟುವ ಮುಂಚೆ ನೀವೇ ಅಕ್ಕನ ಮನೆಗೆ ಹೋಗಿ ಇದನ್ನು ತಿಳಿಸಿ. ಎಷ್ಟೋ ಮನೆಗಳಲ್ಲಿ ರಾಜಿಯ ಮಾತು ಅಲ್ಲಿಂದಲೇ ಶುರುವಾಗಿದೆ.