ನಾಲ್ಕು ವಾರ ದಾಟಿದರೆ ಅದು ಬರೀ ಶೀತವಲ್ಲ

ಜೂನ್ ಬಂತೆಂದರೆ ನಮ್ಮವರು ಸೇರಿದ ಕಡೆಯೆಲ್ಲಾ ಇದೇ ಮಾತು: ‘ಮಗು ರಾತ್ರಿಯೆಲ್ಲಾ ಕೆಮ್ಮುತ್ತೆ, ಮನೇಲಿ ಯಾರಿಗೂ ನಿದ್ದೆ ಇಲ್ಲ.’ ಫೋರ್ಟಿಟ್ಯೂಡ್ ವ್ಯಾಲಿಯಂಥ ಕಡೆ ಒಂದೇ ಬೆಡ್‌ರೂಮಿನ ಯೂನಿಟ್. ಅಪ್ಪ ರಾತ್ರಿ ಪಾಳಿ ಮುಗಿಸಿ ಆಗ ತಾನೇ ಬಂದಿರುತ್ತಾರೆ, ಅಮ್ಮ ಬೆಳಿಗ್ಗೆ ಆರಕ್ಕೆ ಕೆಲಸಕ್ಕೆ ಹೊರಡಬೇಕು. ಊರಲ್ಲಾಗಿದ್ದರೆ ಅಜ್ಜಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಓಡಾಡುತ್ತಿದ್ದರು, ಪಕ್ಕದ ಮನೆಯವರು ‘ಇದ್ಯಾಕೋ ಸರಿ ಕಾಣಲ್ಲ, ಡಾಕ್ಟರಿಗೆ ತೋರಿಸಿ’ ಅನ್ನುತ್ತಿದ್ದರು. ಇಲ್ಲಿ ಎಲ್ಲವನ್ನೂ ನಾವೇ ತೀರ್ಮಾನ ಮಾಡಬೇಕು, ಅದೂ ರಾತ್ರಿ ಎರಡು ಗಂಟೆಗೆ. ಅದಕ್ಕೇ ಈ ತಿಂಗಳು ಈ ವಿಷಯ.

ಮೊದಲು ಉಸಿರು ನೋಡಿ

ಕೆಮ್ಮಿನ ಸದ್ದು ಎಷ್ಟೇ ದೊಡ್ಡದಿರಲಿ, ಮೊದಲು ನೋಡಬೇಕಾದದ್ದು ಉಸಿರು. ದೀಪ ಹಾಕಿ, ಮಗುವಿನ ಅಂಗಿ ಮೇಲೆತ್ತಿ ಎದೆ ನೋಡಿ. ಉಸಿರೆಳೆದಾಗ ಪಕ್ಕೆಲುಬಿನ ನಡುವೆ ಅಥವಾ ಗಂಟಲ ಗುಳಿ ಒಳಕ್ಕೆ ಸೆಳೆಯುತ್ತಿದೆಯೇ? ತುಟಿ ನೀಲಿಯಾಗಿದೆಯೇ? ಉಸಿರು ನಡುನಡುವೆ ನಿಲ್ಲುತ್ತಿದೆಯೇ? ಹಾಲು ಕುಡಿಯಲು, ಮಾತಾಡಲು ಆಗದಷ್ಟು ಏದುಸಿರೇ? ಕರೆದರೂ ಕಣ್ಣು ಬಿಡದಷ್ಟು ಮಂಪರೇ? ಇದರಲ್ಲಿ ಯಾವುದೊಂದು ಕಂಡರೂ ಯೋಚನೆ ಬೇಡ, 000ಗೆ ಫೋನ್ ಮಾಡಿ. ಮೂರು ತಿಂಗಳೊಳಗಿನ ಕೂಸಿಗೆ ಕೆಮ್ಮು ಬಂದರೆ ಇಷ್ಟೆಲ್ಲಾ ಕಾಣದಿದ್ದರೂ ಅದೇ ದಿನ ತೋರಿಸಿ. ಆಟವಾಡುತ್ತಾ, ಕಡಲೆಕಾಯಿ ಬೀಜ ತಿನ್ನುತ್ತಾ ಇದ್ದ ಮಗು ಇದ್ದಕ್ಕಿದ್ದ ಹಾಗೆ ಕೆಮ್ಮಲು ಶುರು ಮಾಡಿದರೆ, ಬೀಜವೋ ಆಟಿಕೆಯ ಚೂರೋ ಶ್ವಾಸನಾಳಕ್ಕೆ ಹೋಗಿರಬಹುದು. ಅದೂ ತಡ ಮಾಡುವ ವಿಷಯವಲ್ಲ.

ವ್ಯಾಲಿಯ ಸುತ್ತಮುತ್ತ ಇರುವವರು ಒಂದು ಗಮನಿಸಿ. ಹರ್ಸ್ಟನ್‌ನಲ್ಲಿದ್ದ ಹಳೆಯ ಮಕ್ಕಳ ಆಸ್ಪತ್ರೆ 2014ರಲ್ಲಿ ಮುಚ್ಚಿತು. ಈಗ ಹೋಗಬೇಕಾದದ್ದು ಸೌತ್ ಬ್ರಿಸ್ಬೇನ್‌ನ ಕ್ವೀನ್ಸ್‌ಲ್ಯಾಂಡ್ ಚಿಲ್ಡ್ರನ್ಸ್ ಆಸ್ಪತ್ರೆಗೆ. ಪರ್ತ್‌ನವರಿಗೆ ನೆಡ್ಲ್ಯಾಂಡ್ಸ್‌ನ ಪರ್ತ್ ಚಿಲ್ಡ್ರನ್ಸ್ ಆಸ್ಪತ್ರೆ, ಅಡಿಲೇಡ್‌ನವರಿಗೆ ನಾರ್ತ್ ಅಡಿಲೇಡ್‌ನ ವಿಮೆನ್ಸ್ ಅಂಡ್ ಚಿಲ್ಡ್ರನ್ಸ್ ಆಸ್ಪತ್ರೆ. ಹೋಗಬೇಕೋ ಬೇಡವೋ ಗೊತ್ತಾಗದಿದ್ದರೆ ಹೊತ್ತಲ್ಲದ ಹೊತ್ತಿನಲ್ಲೂ ನರ್ಸ್ ಹತ್ತಿರ ಫೋನಿನಲ್ಲಿ ಮಾತಾಡಬಹುದು: ಕ್ವೀನ್ಸ್‌ಲ್ಯಾಂಡ್‌ನಲ್ಲಿ 13 43 25 84, ಪರ್ತ್ ಮತ್ತು ಅಡಿಲೇಡ್‌ನಲ್ಲಿ 1800 022 222.

‘ನಾಯಿಕೆಮ್ಮು’ ಅಂದರೆ ಯಾವುದು?

ಉಸಿರಿಗೆ ತೊಂದರೆ ಇಲ್ಲ ಅಂತಾದ ಮೇಲೆ ಕೆಮ್ಮಿನ ಸದ್ದಿಗೆ ಕಿವಿಗೊಡಿ. ಇಲ್ಲಿ ನಮ್ಮ ಭಾಷೆಯೇ ನಮ್ಮನ್ನು ದಾರಿ ತಪ್ಪಿಸಬಹುದು. ನಾವು ನಾಯಿಕೆಮ್ಮು ಅನ್ನುವುದು ಹೂಪಿಂಗ್ ಕಾಫ್‌ಗೆ. ಅದರಲ್ಲಿ ಮಗು ಒಂದೇ ಸಮನೆ ಕೆಮ್ಮಿ ಕೆಮ್ಮಿ ಮುಖ ಕೆಂಪಾಗಿ, ಕೊನೆಗೆ ‘ಹೂಪ್’ ಅಂತ ಉಸಿರೆಳೆದುಕೊಳ್ಳುತ್ತೆ, ಎಷ್ಟೋ ಸಲ ವಾಂತಿಯೂ ಆಗುತ್ತೆ. ಆದರೆ ನಿಜವಾಗಿ ನಾಯಿ ಬೊಗಳಿದಂತೆ ಕೇಳುವುದು ಬೇರೆಯದೇ ಕಾಯಿಲೆ, ಕ್ರೂಪ್. ಧ್ವನಿ ಒಡೆದಿರುತ್ತೆ, ರಾತ್ರಿ ಹೊತ್ತು ಜಾಸ್ತಿ. ಸುಮ್ಮನೆ ಕೂತಿದ್ದಾಗಲೂ ಉಸಿರೆಳೆಯುವಾಗ ಕರ್ಕಶ ಸದ್ದು ಬಂದರೆ ಆಸ್ಪತ್ರೆಗೇ ಹೋಗಬೇಕು. ಕ್ರೂಪ್‌ಗೆ ಸ್ಟಿರಾಯ್ಡ್ ಔಷಧ ಕೊಟ್ಟರೆ ಬೇಗ ಹಿಡಿತಕ್ಕೆ ಬರುತ್ತೆ, ಹೂಪಿಂಗ್ ಕಾಫ್‌ಗೆ ಬೇಕಾದದ್ದು ಆ್ಯಂಟಿಬಯಾಟಿಕ್. ‘ಡಾಗ್ ಕಾಫ್’ ಅಂತ ಡಾಕ್ಟರಿಗೆ ಹೇಳಿದರೆ ಅವರು ಕ್ರೂಪ್ ಅಂದುಕೊಂಡಾರು.

ಇದಕ್ಕೆ ಸುಲಭದ ಉಪಾಯ ಫೋನು. ಮಗು ಕೆಮ್ಮುವಾಗ ಅರ್ಧ ನಿಮಿಷ ವಿಡಿಯೋ ಮಾಡಿಕೊಳ್ಳಿ, ಎದೆಯೂ ಕಾಣುವ ಹಾಗೆ. ಹಗಲು ಡಾಕ್ಟರ ಮುಂದೆ ಕೂತಾಗ ಮಗು ಒಂದು ಸಲವೂ ಕೆಮ್ಮುವುದಿಲ್ಲ, ಇದು ಎಲ್ಲರ ಅನುಭವ. ನಮ್ಮ ಇಂಗ್ಲಿಷಿಗಿಂತ ಆ ವಿಡಿಯೋ ಚೆನ್ನಾಗಿ ಮಾತಾಡುತ್ತೆ.

ಹರ್ಸ್ಟನ್‌ನಲ್ಲಿ ಕಂಡುಕೊಂಡದ್ದು

ಚೈಲ್ಡ್‌ಕೇರ್‌ಗೆ ಹೋಗುವ ಮಗುವಿಗೆ ವರ್ಷಕ್ಕೆ ಆರೇಳು ಸಲ ಶೀತ ಬರುವುದು ಸಾಮಾನ್ಯ. ಶೀತದ ಕೆಮ್ಮು ಎರಡು ಮೂರು ವಾರದಲ್ಲಿ ತಾನಾಗಿ ಇಳಿಯುತ್ತೆ. ಕಷ್ಟ ಇರುವುದು ಇಳಿಯದ ಕೆಮ್ಮಿನಲ್ಲಿ. ‘ಹವೆ ಒಗ್ಗಿಲ್ಲ’, ‘ಆಸ್ತಮಾ ಇರಬೇಕು’ ಅಂತ ತಿಂಗಳುಗಟ್ಟಲೆ ತಳ್ಳುತ್ತೇವೆ.

ಈ ವಿಷಯದಲ್ಲಿ ಜಗತ್ತಿಗೆ ಪಾಠ ಹೇಳಿದ್ದು ನಮ್ಮ ವ್ಯಾಲಿಯ ಪಕ್ಕದ ಹರ್ಸ್ಟನ್. ಅಲ್ಲಿನ ರಾಯಲ್ ಚಿಲ್ಡ್ರನ್ಸ್ ಆಸ್ಪತ್ರೆಯಲ್ಲಿ ಜೂಲಿ ಮರ್ಚಂಟ್, ಆನ್ ಚಾಂಗ್ ಮತ್ತು ಜೊತೆಯ ವೈದ್ಯರು ಬಹಳ ದಿನದಿಂದ ಕೆಮ್ಮುತ್ತಿದ್ದ 108 ಚಿಕ್ಕ ಮಕ್ಕಳನ್ನು ಕೂಲಂಕಷವಾಗಿ ಪರೀಕ್ಷಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಎಲ್ಲರೂ ಅನುಮಾನಿಸುವ ಆಸ್ತಮಾ ಹತ್ತರಲ್ಲಿ ಒಂದು ಮಗುವಿಗೂ ಇರಲಿಲ್ಲ. ಸುಮಾರು 40 ಶೇಕಡಾ ಮಕ್ಕಳಿಗೆ ಇದ್ದದ್ದು ಶ್ವಾಸನಾಳದೊಳಗೆ ಬ್ಯಾಕ್ಟೀರಿಯಾ ಸೇರಿ ಕೂತು ಬಿಡದೆ ಕಾಡುವ ಬ್ರಾಂಕೈಟಿಸ್. ಇದರ ಗುರುತು ಕಫದ ಕೆಮ್ಮು. ಎದೆಯೊಳಗೆ ಗೊರಗೊರ ಅನ್ನುತ್ತೆ, ಮಗು ಮಿಕ್ಕಂತೆ ಆಡಿಕೊಂಡೇ ಇರುತ್ತೆ. ಸರಿಯಾದ ಆ್ಯಂಟಿಬಯಾಟಿಕ್ ಎರಡು ವಾರ ಕೊಟ್ಟರೆ ಬಹುಪಾಲು ವಾಸಿಯಾಗುತ್ತೆ, ಕೆಲವರಿಗೆ ನಾಲ್ಕು ವಾರ ಬೇಕಾಗಬಹುದು. ಹಾಗೇ ಬಿಟ್ಟರೆ, ಪದೇ ಪದೇ ಬಂದರೆ ಶ್ವಾಸನಾಳಕ್ಕೇ ಕಾಯಂ ಹಾನಿಯಾಗುವ ಅಪಾಯ ಇದೆ.

ಇದೇ ತಂಡ 2008ರಲ್ಲಿ ಇಂಥ ಮಕ್ಕಳ ತಂದೆತಾಯಿಗಳ ಕಷ್ಟವನ್ನೂ ದಾಖಲಿಸಿತು. ಒಂದು ವರ್ಷದಲ್ಲಿ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಮಕ್ಕಳನ್ನು ಕೆಮ್ಮಿಗಾಗಿಯೇ ಐದು ಅಥವಾ ಅದಕ್ಕಿಂತ ಹೆಚ್ಚು ಸಲ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದರು. ಅರ್ಧಕ್ಕಿಂತ ಹೆಚ್ಚು ಮಂದಿ ಹತ್ತು ಸಲಕ್ಕೂ ಮೇಲೆ ಅಲೆದಿದ್ದರು. ಹಾಗಾಗಿ ‘ಮತ್ತೆ ಹೋದರೆ ಏನಂದುಕೊಳ್ಳುತ್ತಾರೋ’ ಅಂತ ಸಂಕೋಚ ಪಡುವುದು ಬೇಡ. ನಮ್ಮ ಹಾಗೆ ಅಲೆದವರು ಬಹಳ ಜನ.

ಮಾಡಬೇಕಾದದ್ದು ಇಷ್ಟೇ. ಕೆಮ್ಮು ಶುರುವಾದ ದಿನವನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ದಿನಾ ಕೆಮ್ಮುತ್ತಾ ನಾಲ್ಕು ವಾರ ದಾಟಿದರೆ ಜಿಪಿ ಹತ್ತಿರ ಹೋಗಿ ಮೂರು ಮಾತು ಹೇಳಿ: ಇಷ್ಟು ವಾರ ಆಯಿತು, ಕಫದ ಕೆಮ್ಮು ಅಥವಾ ಒಣ ಕೆಮ್ಮು, ವಿಡಿಯೋ ಇಲ್ಲಿದೆ. ಸಿಳ್ಳೆ ಹೊಡೆದಂಥ ಉಬ್ಬಸ ಇದ್ದರೆ ಅದನ್ನೂ ಹೇಳಿ, ಆಗ ಆಸ್ತಮಾ ಅನುಮಾನಕ್ಕೆ ಅರ್ಥ ಇದೆ. ಮಾತಿಗೆ ತೊಡಕಾದರೆ ದುಭಾಷಿ ಸೇವೆ 131 450 ಇದೆ, ಕನ್ನಡದವರು ಬೇಕು ಅಂತ ಮೊದಲೇ ಕೇಳಿಕೊಳ್ಳಿ.

ಸೂಟ್‌ಕೇಸಿನ ಸಿರಪ್

ಊರಿಂದ ಬರುವಾಗ ಉಪ್ಪಿನಕಾಯಿ ಜೊತೆ ಕೆಮ್ಮಿನ ಸಿರಪ್ ತರದ ಮನೆ ಕಮ್ಮಿ. ಆಸ್ಟ್ರೇಲಿಯಾದ ಔಷಧ ನಿಯಂತ್ರಣ ಇಲಾಖೆ 2012ರಲ್ಲೇ ಹೇಳಿದೆ: ಆರು ವರ್ಷದೊಳಗಿನ ಮಕ್ಕಳಿಗೆ ಶೀತ ಕೆಮ್ಮಿನ ಸಿರಪ್ ಬೇಡ, ಆರರಿಂದ ಹನ್ನೊಂದರವರೆಗೆ ಡಾಕ್ಟರ್ ಅಥವಾ ಫಾರ್ಮಸಿಸ್ಟ್ ಹೇಳಿದರೆ ಮಾತ್ರ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಡೈಎಥಿಲೀನ್ ಗ್ಲೈಕಾಲ್ ಅನ್ನುವ ವಿಷ ಬೆರೆತ ಸಿರಪ್ ಕುಡಿದು 20ಕ್ಕೂ ಹೆಚ್ಚು ಮಕ್ಕಳು ತೀರಿಕೊಂಡದ್ದನ್ನು ನಾವೆಲ್ಲಾ ಓದಿದ್ದೇವೆ. ಮನೆಯಲ್ಲಿರುವ ಬಾಟಲಿಯನ್ನು ಹತ್ತಿರದ ಫಾರ್ಮಸಿಗೆ ವಾಪಸ್ ಕೊಟ್ಟುಬಿಡಿ, ಅವರು ವಿಲೇವಾರಿ ಮಾಡುತ್ತಾರೆ.

ಒಂದು ವರ್ಷ ತುಂಬಿದ ಮಗುವಿಗೆ ಮಲಗುವ ಮುಂಚೆ ಅರ್ಧದಿಂದ ಒಂದು ಟೀ ಚಮಚ ಜೇನುತುಪ್ಪ ಕೊಡಬಹುದು. ವರ್ಷದೊಳಗಿನ ಕೂಸಿಗೆ ಜೇನು ನೆಕ್ಕಿಸಲೂ ಬೇಡಿ, ಬಾಟ್ಯುಲಿಸಂ ಅನ್ನುವ ಗಂಡಾಂತರ ಇದೆ. ಎರಡು ವರ್ಷದೊಳಗಿನವರಿಗೆ ಕರ್ಪೂರ, ವಿಕ್ಸ್ ಹಚ್ಚುವುದು ಬೇಡ. ಕರ್ಪೂರ ಬಾಯಿಗೆ ಹೋದರೆ ಫಿಟ್ಸ್ ಬರಬಹುದು, ಬಾಯಿಗೆ ಹೋಗಿದ್ದರೆ ಕೂಡಲೇ 13 11 26ಕ್ಕೆ, ಫಿಟ್ಸ್ ಬಂದರೆ 000ಗೆ ಫೋನ್ ಮಾಡಿ. ಬಿಸಿನೀರ ಪಾತ್ರೆ ಇಟ್ಟು ಹಬೆ ಹಿಡಿಸುವುದೂ ಬೇಡ, ಸುಟ್ಟ ಗಾಯವೇ ಹೆಚ್ಚಾಗುತ್ತೆ. ಮಲಗುವ ಕೋಣೆಯಲ್ಲಿ ಊದುಬತ್ತಿ ಹಚ್ಚಬೇಡಿ, ಒಗ್ಗರಣೆ ಹಾಕುವಾಗ ಫ್ಯಾನ್ ಹಾಕಿ ಕಿಟಕಿ ತೆಗೆಯಿರಿ, ಗೋಡೆಗೆ ಬೂಷ್ಟು ಬಂದಿದ್ದರೆ ಫೋಟೋ ತೆಗೆದು ಏಜೆಂಟ್‌ಗೆ ಬರಹದಲ್ಲೇ ತಿಳಿಸಿ. ಮನೆಯಲ್ಲಿ ಸಿಗರೇಟು ಸೇದುವವರಿಗೆ ನಾವು ಬೇರೆ ಹೇಳಬೇಕಿಲ್ಲ.

ಅಜ್ಜಿ ತಾತ ಬರುವ ಮುಂಚೆ

2015ರ ಮಾರ್ಚ್‌ನಲ್ಲಿ ಪರ್ತ್‌ನಲ್ಲಿ ರೈಲಿ ಹ್ಯೂಸ್ ಅನ್ನುವ ಕೂಸು 32 ದಿನಕ್ಕೇ ಹೂಪಿಂಗ್ ಕಾಫ್‌ನಿಂದ ತೀರಿಕೊಂಡಿತು. ಮಗುವಿಗೆ ಮೊದಲ ಲಸಿಕೆ ಸಿಗುವುದೇ ಆರು ವಾರ ಆದ ಮೇಲೆ. ಆ ತಂದೆತಾಯಿ ತಮ್ಮ ದುಃಖವನ್ನು ನುಂಗಿಕೊಂಡು ಗರ್ಭಿಣಿಯರಿಗೆ ಲಸಿಕೆ ಬೇಕು ಅಂತ ದೇಶವೆಲ್ಲಾ ಹೇಳಿದರು. 2018ರ ಜುಲೈಯಿಂದ ಈ ಲಸಿಕೆ ರಾಷ್ಟ್ರೀಯ ಲಸಿಕೆ ಕಾರ್ಯಕ್ರಮದಲ್ಲಿದೆ, 20ರಿಂದ 32ನೇ ವಾರದೊಳಗೆ ಹಾಕಿಸಿಕೊಳ್ಳುವುದು ಒಳ್ಳೆಯದು. 2024ರಲ್ಲಿ ಆಸ್ಟ್ರೇಲಿಯಾದಲ್ಲಿ 57 ಸಾವಿರಕ್ಕೂ ಹೆಚ್ಚು ಹೂಪಿಂಗ್ ಕಾಫ್ ಪ್ರಕರಣ ದಾಖಲಾದವು. ದಾಖಲೆ ಇಡಲು ಶುರುವಾದ ಮೇಲೆ ಇಷ್ಟು ಯಾವತ್ತೂ ಇರಲಿಲ್ಲ.

ದೊಡ್ಡವರಿಗೆ ಇದು ಬರೀ ಬಿಡದ ಕೆಮ್ಮಾಗಿ ಇರುತ್ತೆ, ಕೂಸಿಗೆ ಪ್ರಾಣಾಪಾಯ. ಚಿಕ್ಕಂದಿನಲ್ಲಿ ಹಾಕಿಸಿದ ಲಸಿಕೆಯ ಬಲ ವರ್ಷ ಕಳೆದ ಹಾಗೆ ಕುಂದುತ್ತೆ. ಬಾಣಂತನಕ್ಕೆ ಊರಿಂದ ಬರುವ ಅಮ್ಮ, ಅತ್ತೆ, ಮಾವ ಎಲ್ಲರೂ ಹತ್ತು ವರ್ಷದೊಳಗೆ ಹಾಕಿಸಿರದಿದ್ದರೆ ಕೂಸನ್ನು ಎತ್ತಿಕೊಳ್ಳುವ ಎರಡು ವಾರ ಮುಂಚೆಯಾದರೂ ಬೂಸ್ಟರ್ ಹಾಕಿಸಿಕೊಳ್ಳಲಿ. ಟಿಕೆಟ್ ಮಾಡಿಸುವಾಗಲೇ ಹೇಳಿಬಿಡಿ.

ರಜೆ, ವೀಸಾ, ದುಡ್ಡು

ಎಷ್ಟೋ ಮನೆಯಲ್ಲಿ ತಡವಾಗುವುದು ತಿಳಿವಳಿಕೆ ಇಲ್ಲದೆ ಅಲ್ಲ, ಶಿಫ್ಟ್ ಹೋದೀತು ಅನ್ನುವ ಭಯದಿಂದ. ಫುಲ್‌ಟೈಮ್ ಕೆಲಸದವರಿಗೆ ವರ್ಷಕ್ಕೆ 10 ದಿನ ಸಂಬಳದ ರಜೆ ಇದೆ, ಅದು ನಮ್ಮ ಕಾಯಿಲೆಗೂ ಮಗುವಿನ ಆರೈಕೆಗೂ ಸೇರಿದ್ದು. ಪಾರ್ಟ್‌ಟೈಮ್‌ನವರಿಗೆ ಅವರ ಗಂಟೆಗೆ ತಕ್ಕಷ್ಟು. ಕ್ಯಾಶುವಲ್ ಆದರೂ ಪ್ರತಿ ಸಲಕ್ಕೆ 2 ದಿನ ಸಂಬಳವಿಲ್ಲದ ರಜೆ ಕೇಳುವ ಹಕ್ಕಿದೆ. ವೀಸಾ ಯಾವುದಾದರೂ ಈ ಹಕ್ಕು ಒಂದೇ. ತಕರಾರು ಬಂದರೆ ಫೇರ್ ವರ್ಕ್ ಕಚೇರಿಯ ನಂಬರ್ 13 13 94.

ಮೆಡಿಕೇರ್ ಇಲ್ಲದವರು ತಮ್ಮ ವಿಮೆಯಲ್ಲಿ ಮಕ್ಕಳ ಹೆಸರು ಸೇರಿದೆಯೇ, ಆಂಬ್ಯುಲೆನ್ಸ್ ಖರ್ಚು ಬರುತ್ತೆಯೇ ಅಂತ ಈ ವಾರವೇ ನೋಡಿಕೊಳ್ಳಿ. ಪರ್ತ್, ಅಡಿಲೇಡ್‌ನಲ್ಲಿ ಆಂಬ್ಯುಲೆನ್ಸ್‌ಗೆ ದೊಡ್ಡ ಬಿಲ್ಲೇ ಬರಬಹುದು. ಆದರೆ ಮಗುವಿನ ತುಟಿ ನೀಲಿಯಾದಾಗ ಬಿಲ್ಲಿನ ಲೆಕ್ಕ ಹಾಕುತ್ತಾ ಕೂರುವ ಹೊತ್ತಲ್ಲ ಅದು.

ಈ ಪುಟವನ್ನು ಹರಿದು ಫ್ರಿಜ್ ಬಾಗಿಲಿಗೆ ಅಂಟಿಸಿಕೊಳ್ಳಿ. ಪಕ್ಕದ ಯೂನಿಟ್‌ನಲ್ಲಿ ನಮ್ಮವರ ಮಗು ವಾರಗಟ್ಟಲೆ ಕೆಮ್ಮುವುದು ಕೇಳಿಸಿದರೆ ಬಾಗಿಲು ತಟ್ಟಿ ‘ಎಷ್ಟು ವಾರ ಆಯ್ತು?’ ಅಂತ ಕೇಳಿ. ಊರಲ್ಲಿ ನೆರೆಯವರು ಮಾಡುತ್ತಿದ್ದದ್ದೂ ಅಷ್ಟೇ.