ಮೂಸಾರಾಮ್‌ಬಾಗಿನ ಸಮಾಧಿ: ಪಾಳು ಮತ್ತು ಸ್ಮಾರಕ

ಹೈದರಾಬಾದಿನ ದಿಲ್‌ಸುಖ್‌ನಗರಕ್ಕೆ ಹೊಂದಿಕೊಂಡು ಮೂಸಾರಾಮ್‌ಬಾಗ್ ಎಂಬ ಬಡಾವಣೆಯಿದೆ. ಅದರ ಸಮೀಪದ ಆಸ್ಮಾನ್‌ಗಢದ ದಿಬ್ಬದ ಮೇಲೆ, ಸುಮಾರು 7 ಮೀಟರ್ ಎತ್ತರದ, ಮೇಲೆ ಹೋದಂತೆ ಕಿರಿದಾಗುವ ಕಪ್ಪುಕಲ್ಲಿನ ಸ್ತಂಭವೊಂದು ನಿಂತಿದೆ. ಬಳಿಯಲ್ಲಿ ಗ್ರೀಕ್ ಶೈಲಿಯ ಕಂಬಗಳ ಮಂಟಪ. ಇದು ನಿಜಾಮ ಅಲಿಖಾನನ, ಅಂದರೆ ಎರಡನೆಯ ಆಸಫ್‌ಜಾನ, ಸೇನಾನಿಯಾಗಿದ್ದ ಫ್ರೆಂಚ್ ಯೋಧ ಮಿಶೆಲ್ ಜೋಕಿಂ ಮರಿ ರೇಮಂಡನ ಸಮಾಧಿ.

1755ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ರೇಮಂಡ್ 1775ರಲ್ಲಿ ಪಾಂಡಿಚೇರಿಗೆ ಬಂದನು. 1786ರ ವೇಳೆಗೆ ನಿಜಾಮನ ಸೇವೆಗೆ ಸೇರಿದನು. ಯುರೋಪಿನ ಕ್ರಮದಲ್ಲಿ ಕವಾಯತು ಕಲಿತ ಪಡೆಯೊಂದನ್ನು ಕಟ್ಟಿ, ತೋಪುಗಳನ್ನು ಎರಕ ಹೊಯ್ಯುವ ಕಾರ್ಖಾನೆಯನ್ನೂ ಸ್ಥಾಪಿಸಿದನು. 1795ರ ಖರ್ಡಾ ಯುದ್ಧದಲ್ಲಿ ನಿಜಾಮನು ಮರಾಠರಿಗೆ ಸೋತರೂ ರೇಮಂಡನ ಪ್ರತಿಷ್ಠೆ ಕುಗ್ಗಲಿಲ್ಲ. ಅದೇ ವರ್ಷ ರಾಜಕುಮಾರ ಅಲೀಜಾ ಬೀದರಿನ ಕಡೆಗೆ ಹೋಗಿ ದಂಗೆಯೆದ್ದಾಗ ಅದನ್ನು ಅಡಗಿಸಲು ನಿಯುಕ್ತನಾದವನು ಅವನೇ; ಕನ್ನಡ ನಾಡಿನ ಇತಿಹಾಸಕ್ಕೂ ಅವನು ಸೇರುವುದು ಹೀಗೆ. 1798ರ ಮಾರ್ಚ್ 25ರಂದು ಅವನು ತೀರಿಕೊಂಡನು. ಅದೇ ವರ್ಷದ ಅಕ್ಟೋಬರಿನಲ್ಲಿ ಇಂಗ್ಲಿಷರು ಅವನ ಪಡೆಯನ್ನು ನಿಃಶಸ್ತ್ರಗೊಳಿಸಿದರು. ಮರುವರ್ಷ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಬಿದ್ದಾಗ ನಿಜಾಮನ ಸೈನ್ಯ ಇಂಗ್ಲಿಷರ ಪಕ್ಷದಲ್ಲಿತ್ತು.

ಭಾಷಾಭ್ಯಾಸಿಗಳ ಕುತೂಹಲವನ್ನು ಕೆರಳಿಸುವುದು ಸೇನಾನಿಯ ಹೆಸರು. ಸ್ತಂಭದ ಮೇಲಿರುವುದು 'ಜೆ', 'ಆರ್' ಎಂಬ ಎರಡೇ ರೋಮನ್ ಅಕ್ಷರಗಳು. ವೀರನ ಹೆಸರು, ಕುಲ, ಕಾದಿ ಮಡಿದ ಸಂದರ್ಭಗಳನ್ನು ಹೇಳುವ ನಮ್ಮ ವೀರಗಲ್ಲುಗಳನ್ನು ಬಲ್ಲವರಿಗೆ ಈ ಮಿತಭಾಷೆ ವಿಚಿತ್ರವೆನಿಸಬಹುದು. ಕಲ್ಲು ಹೇಳದ್ದನ್ನು ಜನ ಹೇಳಿಕೊಂಡರು. ಹಿಂದೂಗಳಿಗೆ ಅವನು ಮೂಸಾರಾಮನಾದನು, ಮುಸಲ್ಮಾನರಿಗೆ ಮೂಸಾ ರಹೀಮನಾದನು. 'ಮೊಸ್ಯೊ ರೇಮೋಂ' ಎಂಬ ಫ್ರೆಂಚ್ ಸಂಬೋಧನೆಯೇ ಹೀಗೆ ಪಲ್ಲಟಗೊಂಡಿರಬೇಕೆಂದು ಊಹಿಸುವುದು ಸಹಜ. ಕ್ರೈಸ್ತ ಸಿಪಾಯಿಯ ಪುಣ್ಯತಿಥಿಗೆ ಉರುಸು ನಡೆಯುತ್ತಿದ್ದುದೂ ಇದೇ ಬಗೆಯ ರೂಪಾಂತರ. ಇಂದು ಮೆಟ್ರೊ ರೈಲಿನಲ್ಲಿ ದಿಲ್‌ಸುಖ್‌ನಗರದ ಪಕ್ಕದ ನಿಲ್ದಾಣದಲ್ಲಿ ಕೇಳಿಬರುವುದೂ ಆ ಹೆಸರೇ.

2001ರ ಅಕ್ಟೋಬರಿನ ಭಾರಿ ಮಳೆಗೆ ಮಂಟಪ ಕುಸಿದುಬಿತ್ತು. ಮುಂದೆ ಅದನ್ನು ಮತ್ತೆ ಕಟ್ಟಲಾಯಿತು. ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ ಮಧ್ಯಯುಗದ ಸಂತ ಮೈಕೇಲನ ಮಹಾಚರ್ಚು 1940ರ ನವೆಂಬರ್ 14ರ ರಾತ್ರಿ ಜರ್ಮನ್ ಬಾಂಬುಗಳಿಗೆ ಸುಟ್ಟುಹೋಯಿತು. ಅಲ್ಲಿಯವರು ಅದನ್ನು ಪುನಃ ಕಟ್ಟಲಿಲ್ಲ; ಚಾವಣಿಯಿಲ್ಲದ ಗೋಡೆಗಳನ್ನು ಹಾಗೆಯೇ ಉಳಿಸಿ, ಮಗ್ಗುಲಲ್ಲಿ ಹೊಸ ಚರ್ಚನ್ನು ನಿರ್ಮಿಸಿ 1962ರಲ್ಲಿ ಪ್ರತಿಷ್ಠಾಪಿಸಿದರು. ಅಲ್ಲಿ ಪಾಳೇ ಸ್ಮಾರಕ. ನಮ್ಮ ಶಾಸನಗಳ ದೃಷ್ಟಿ ಬೇರೆ: ದೇಗುಲಕ್ಕೆ ಭೂಮಿ ಬಿಡುವಾಗಲೇ ದಾನಿಗಳು 'ಖಂಡಸ್ಫುಟಿತ ಜೀರ್ಣೋದ್ಧಾರ'ಕ್ಕೂ ಸೇರಿಸಿ ಬಿಡುತ್ತಿದ್ದರು. ಒಡೆದುದನ್ನು ಸರಿಪಡಿಸುವುದು ಧರ್ಮವೇ ಆಗಿತ್ತು.

ಮೂಸಾರಾಮ್‌ಬಾಗಿನಲ್ಲಿ ನಡೆದುದು ಈ ಎರಡನೆಯ ಕ್ರಮ, ಮತ್ತು ಅದು ಉಚಿತವಾದುದೇ. ಕಾವೆಂಟ್ರಿಯ ಪಾಳು ಯುದ್ಧಕ್ಕೆ ಸಾಕ್ಷಿ. ಇಲ್ಲಿಯ ಪಾಳು ಮಳೆಗೆ, ಮತ್ತು ಅದಕ್ಕೂ ಹೆಚ್ಚಾಗಿ ಅಲಕ್ಷ್ಯಕ್ಕೆ ಸಾಕ್ಷಿಯಾಗುತ್ತಿತ್ತು. ಆದರೆ ಸಂಶೋಧಕನು ಮಂಟಪದ ಇಂದಿನ ಕಂಬಗಳನ್ನು ನೋಡಿ ಅವನ್ನು ಹದಿನೆಂಟನೆಯ ಶತಮಾನದವೆಂದು ಬರೆದುಕೊಳ್ಳಬಾರದು. ಆ ಕಾಲವನ್ನು ಹುಡುಕುವವನು ಕಪ್ಪು ಸ್ತಂಭದ ಬಳಿಗೆ ಹೋಗಬೇಕು; ಮಂಟಪ ಬಿದ್ದಾಗಲೂ ಅದು ನಿಂತೇ ಇತ್ತು.