ಒಂದು ಸೆಕೆಂಡಿನಲ್ಲಿ ಎಷ್ಟು ಪಲ್ಸ್?

ಈ ಮೋಟಾರ್ ನಿಮಿಷಕ್ಕೆ 1500 ಸುತ್ತು ತಿರುಗ್ತಿದೆ.
ಇದು ಕಂಪ್ಯೂಟರ್‌ಗೆ ಗೊತ್ತಾಗಿದ್ದು ಹೇಗೆ?

ಶಾಫ್ಟ್ ಮೇಲಿರೋ ಚಕ್ರ ನೋಡಿ.
ಅದಕ್ಕೆ 60 ಹಲ್ಲು.
ಒಂದೊಂದು ಹಲ್ಲು ಸೆನ್ಸರ್ ಮುಂದೆ ಹಾದಾಗಲೂ ಒಂದು ಪಲ್ಸ್.
ವೋಲ್ಟೇಜ್ ಸೊನ್ನೆಯಿಂದ ಐದಕ್ಕೆ ಏರುತ್ತೆ, ಇಳಿಯುತ್ತೆ.
ಆ ಏರಿಕೆಗಳನ್ನ ಎಣಿಸೋದು,
ಕಂಪ್ಯೂಟರ್‌ಗೆ ಅಳತೆ ತಲುಪಿಸೋ ಡೇಟಾ ಅಕ್ವಿಸಿಷನ್ ಕಾರ್ಡ್ ಒಳಗಿನ ಕೌಂಟರ್.

ಸಾಫ್ಟ್‌ವೇರೇ ಎಣಿಸಬಾರದಾ?
ಕಂಪ್ಯೂಟರ್ ಒಂದು ಕ್ಷಣ ಬೇರೆ ಕೆಲಸಕ್ಕೆ ತಿರುಗಿದ್ರೂ
ಪಲ್ಸ್ ತಪ್ಪಿಹೋಗುತ್ತೆ.
ಕೌಂಟರ್‌ಗೆ ಇದೊಂದೇ ಕೆಲಸ.

ಈಗ ಜಾತ್ರೆಯ ಗೇಟ್ ನೆನಪಿಸಿಕೊಳ್ಳಿ.
ಜನ ನುಗ್ತಾ ಇದ್ರೆ,
ಒಂದು ನಿಮಿಷ ನಿಂತು ತಲೆ ಎಣಿಸಿದ್ರೆ ಸಾಕು.
ಅಪರೂಪಕ್ಕೆ ಒಬ್ಬೊಬ್ಬರೇ ಬಂದ್ರೆ?
ಒಬ್ಬರಾದ ಮೇಲೆ ಇನ್ನೊಬ್ಬರು ಬರೋಕೆ
ಎಷ್ಟು ಹೊತ್ತಾಯ್ತು ಅಂತ ನೋಡಬೇಕು.

ಕೌಂಟರ್ ಕೂಡ ಎರಡನ್ನೂ ಮಾಡುತ್ತೆ.
ಪಲ್ಸ್ ವೇಗವಾಗಿದ್ರೆ,
ಒಂದು ಸೆಕೆಂಡಿನಲ್ಲಿ ಎಷ್ಟು ಬಂತು ಅಂತ ಎಣಿಸುತ್ತೆ.
ನಮ್ಮ ಚಕ್ರದಲ್ಲಿ 1500.
ಹಲ್ಲು 60 ಇರೋದ್ರಿಂದ ಅದೇ ನೇರವಾಗಿ ಆರ್‌ಪಿಎಂ, ಅಂದ್ರೆ ನಿಮಿಷಕ್ಕೆ ಸುತ್ತು!
ಎಷ್ಟು ಚಂದದ ಲೆಕ್ಕ ನೋಡಿ.

ಪಲ್ಸ್ ನಿಧಾನವಾಗಿದ್ರೆ,
ಎರಡು ಪಲ್ಸ್ ನಡುವೆ
ತನ್ನ ಒಳಗಡಿಯಾರದ ಟಿಕ್‌ಗಳನ್ನ ಎಣಿಸುತ್ತೆ.
80 ಮೆಗಾಹರ್ಟ್ಸ್ ಗಡಿಯಾರ ಅಂದ್ರೆ,
ಸೆಕೆಂಡಿಗೆ 8 ಕೋಟಿ ಟಿಕ್.

ಇಲ್ಲೊಂದು ಎಚ್ಚರ.
ಆ ವೇಗಕ್ಕೆ 32 ಬಿಟ್ ಕೌಂಟರ್ ಕೂಡ
54 ಸೆಕೆಂಡ್ ಆಗೋದರೊಳಗೆ ತುಂಬಿ,
ಮತ್ತೆ ಸೊನ್ನೆಯಿಂದ ಶುರುವಾಗುತ್ತೆ.
ಪಲ್ಸ್ ನಿಮಿಷಕ್ಕೊಂದೇ ಬರೋದಾದ್ರೆ,
ಸೆಟ್ಟಿಂಗ್ಸ್‌ನಲ್ಲಿ ನಿಧಾನದ ಗಡಿಯಾರ ಆರಿಸಿ,
ಆಮೇಲೆ ಅಳತೆ ಶುರುಮಾಡಿ.